ಒಂಟಿ ನಳಿಗೆಯ ಕೋವಿಗೆ ಗಂಡನ ಒಪ್ಪಿಗೆ

ಹೆಂಡತಿ ಫೋನು ಮಾಡಿ ಹೇಳಿದ್ದು ಎರಡೇ ವಿಷಯ. ಮೊದಲನೆಯದು, ತಾನು ಕೋವಿ ಇಟ್ಟುಕೊಳ್ಳಲು ಗಂಡನಾದ ಉಪೇಂದ್ರನ ಆಕ್ಷೇಪಣೆ ಏನೂ ಇಲ್ಲವೆಂದು ಅವನು ಒಂದು ಕಾಗದ ಬರೆದು ಕೊಡಬೇಕು, ಆಫೀಸಿನಲ್ಲಿ ಕೇಳುತ್ತಿದ್ದಾರೆ. ಎರಡನೆಯದು, ಶನಿವಾರ ಬರುವಾಗ ಮಟ್ಟಾಂಚೇರಿಯಿಂದ ಕಾಲು ಕಿಲೋ ಒಳ್ಳೆಯ ಕಾಳುಮೆಣಸು ತರಬೇಕು. ಎರಡನ್ನೂ ಒಂದೇ ದನಿಯಲ್ಲಿ ಹೇಳಿ ಫೋನು ಇಟ್ಟುಬಿಟ್ಟಳು. ಉಪೇಂದ್ರ ರಿಸೀವರನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ. ಎದುರಿಗೆ ಶುಂಠಿ ವ್ಯಾಪಾರಿಯೊಬ್ಬ ಸಾಲದ ಅರ್ಜಿ ಹಿಡಿದು ಕಾಯುತ್ತಿದ್ದ. ಸಾರ್‌ಗೆ ಊರಿಂದ ಏನೋ ಕೆಟ್ಟ ಸುದ್ದಿ ಬಂದಿರಬೇಕು ಅಂದುಕೊಂಡು ಪಾಪ, ನಾಳೆ ಬರುತ್ತೇನೆ ಎಂದು ಎದ್ದು ಹೋದ.

ಉಪೇಂದ್ರ ಮೈಸೂರಿನವನು. ಬ್ಯಾಂಕು ಅವನನ್ನು ಕೊಚ್ಚಿಯ ಮಟ್ಟಾಂಚೇರಿ ಶಾಖೆಗೆ ಹಾಕಿತ್ತು. ಹೆಂಡತಿ ಚಂದ್ರಾವತಿ ತಿರುವನಂತಪುರದ ಪಟ್ಟಂನಲ್ಲಿ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿದ್ದಳು. ಹೀಗಾಗಿ ಸಂಸಾರವೆಂಬುದು ಶನಿವಾರ ಮಧ್ಯಾಹ್ನ ರೈಲು ಹತ್ತುವುದರಿಂದ ಶುರುವಾಗಿ ಸೋಮವಾರ ಬೆಳಗಿನ ರೈಲಿನಲ್ಲಿ ಮುಗಿಯುತ್ತಿತ್ತು. ವರ್ಗಾವಣೆಯ ನೌಕರಿಯವರಿಗೆ ಇದೇನು ಹೊಸದಲ್ಲ. ಎರಡು ಊರಿನಲ್ಲಿ ಎರಡು ಗ್ಯಾಸ್ ಒಲೆ, ಎರಡು ಇಸ್ತ್ರಿಪೆಟ್ಟಿಗೆ, ಮಧ್ಯೆ ಒಂದು ಮದುವೆ. ಮಗಳು ಸಂಹಿತಾ ಕಾಲೇಜಿನಲ್ಲಿದ್ದಳು. ಅಪ್ಪ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವುದು ಅವಳ ಜಾಯಮಾನ.

ಇನ್ನು ಚಂದ್ರಾವತಿ. ಕಾಸರಗೋಡಿನ ಕಡೆಯ ಹೆಣ್ಣು. ಇಪ್ಪತ್ತು ವರ್ಷ ದಾಟಿದ ನೌಕರಿಯಲ್ಲಿ ಒಂದೇ ಒಂದು ಮೆಮೊ ತೆಗೆದುಕೊಂಡವಳಲ್ಲ. ಕಚೇರಿಯಲ್ಲಿ ಜಗಳವಾದರೆ ಎರಡೂ ಕಡೆಯವರು ಬಂದು ಅವಳ ಮೇಜಿನ ಮುಂದೆ ದೂರು ಹೇಳಿ ಹೋಗುತ್ತಿದ್ದರು. ಯಾಕೆಂದರೆ ಅವಳು ಕೇಳುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅವಳ ಮೌನವನ್ನು ಉಪೇಂದ್ರ ಮದುವೆಯಾದ ಹೊಸದರಲ್ಲೇ ಸಾಧು ಸ್ವಭಾವ ಎಂದು ತೀರ್ಮಾನ ಮಾಡಿ, ಆ ತೀರ್ಮಾನವನ್ನು ಮತ್ತೆ ತೆರೆದು ನೋಡುವ ಗೋಜಿಗೆ ಹೋಗಿರಲಿಲ್ಲ. ಜಿರಲೆ ಕಂಡರೆ ಪೊರಕೆ ತರಲು ಹೋಗುವ ಹೆಂಗಸು, ಅಷ್ಟೇ ಅವನಿಗೆ ಗೊತ್ತಿದ್ದದ್ದು. ಅಂಥವಳಿಗೆ ಕೋವಿ.

ಶನಿವಾರ ಹೋಗಿ ಕೇಳಿದಾಗ ಸಂಗತಿ ತಿಳಿಯಿತು. ಕೋವಿ ಅವಳ ಅಪ್ಪನದು. ಕಾಡಿನ ಅಂಚಿನ ಗದ್ದೆಗೆ ಹಂದಿ ಬರದಂತೆ ಕಾಯಲು ಲೈಸೆನ್ಸ್ ಪಡೆದು ಇಟ್ಟುಕೊಂಡಿದ್ದ ಒಂಟಿ ನಳಿಗೆಯ ಕೋವಿ. ಗದ್ದೆ ಮಾರಿ ಆತ ಕೊಚ್ಚಿಯಲ್ಲಿದ್ದ ಮಗ ಮೋಹನನ ಮನೆಗೆ ಬಂದಾಗ ಕೋವಿಯೂ ಕಾಗದಪತ್ರದ ಸಮೇತ ಬಂತು. ಕಳೆದ ವರ್ಷ ಆತ ತೀರಿಕೊಂಡ ಮೇಲೆ ಮೋಹನ ಕಾನೂನಿನ ಪ್ರಕಾರ ಅದನ್ನು ಎರ್ನಾಕುಳಂನ ಒಂದು ಕೋವಿ ಅಂಗಡಿಯಲ್ಲಿ ಠೇವಣಿ ಇಟ್ಟಿದ್ದ. ಅವನಿಗೆ ಅದು ಬೇಡ. ವಾರಸುದಾರರಲ್ಲಿ ಯಾರಾದರೂ ಅವಧಿಯೊಳಗೆ ತಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಂಡರೆ ಸರಿ, ಇಲ್ಲದಿದ್ದರೆ ಕೋವಿ ಸರ್ಕಾರದ ಪಾಲು. ಹಳೆಯ ಕೋವಿಗಳನ್ನು ಸರ್ಕಾರ ಪೂಜೆಗೆ ಇಟ್ಟುಕೊಳ್ಳುವುದಿಲ್ಲ, ಮುರಿದು ಕುಲುಮೆಗೆ ಹಾಕುತ್ತದೆ. ಚಂದ್ರಾವತಿ ಕಲೆಕ್ಟರ್ ಕಚೇರಿಗೆ ಅರ್ಜಿ ಹಾಕಿದಳು. ನೀವು ಸರ್ಕಾರಿ ನೌಕರರು, ಮೊದಲು ನಿಮ್ಮ ಇಲಾಖೆಯ ನಿರಾಕ್ಷೇಪಣಾ ಪತ್ರ ತನ್ನಿ ಎಂದರು. ಅವಳು ಇಲಾಖೆಗೆ ಬರೆದಳು. ಅಲ್ಲಿಗೆ ಕಥೆ ಸಿಕ್ಕಿಹಾಕಿಕೊಂಡಿತು.

ಸಿಕ್ಕಿಹಾಕಿಕೊಂಡದ್ದು ಕಾಶೀನಾಥ ಎಂಬ ಆಡಳಿತಾಧಿಕಾರಿಯ ಮೇಜಿನ ಮೇಲೆ. ಧಾರವಾಡದ ಕಡೆಯವರು, ನಿವೃತ್ತಿಗೆ ಹತ್ತಿರ ಬಂದವರು, ಕೆಟ್ಟವರೇನಲ್ಲ. ಆದರೆ ಅವರಿಗೊಂದು ಪದ್ಧತಿ ಇತ್ತು. ಯಾವ ಅರ್ಜಿಗೂ ಅವರು ಇಲ್ಲ ಎನ್ನುತ್ತಿರಲಿಲ್ಲ. ಇಲ್ಲ ಎಂದರೆ ಮೇಲ್ಮನವಿ ಬರುತ್ತದೆ. ಹೂಂ ಎಂದೂ ಅನ್ನುತ್ತಿರಲಿಲ್ಲ; ಹೂಂ ಎಂದರೆ ಜವಾಬ್ದಾರಿ ಬರುತ್ತದೆ. ಅವರು ಪ್ರಶ್ನೆ ಕೇಳುತ್ತಿದ್ದರು. ಕೋವಿ ಯಾಕೆ ಬೇಕು? ಉತ್ತರ ಹೋಯಿತು. ಎಲ್ಲಿಡುತ್ತೀರಿ? ಉತ್ತರ ಹೋಯಿತು. ಬೀಗದ ಕಪಾಟು ಇದೆಯೇ, ಮನೆಯಲ್ಲಿ ಯಾರಿಗಾದರೂ ಮುಂಗೋಪ ಇದೆಯೇ? ಅದಕ್ಕೂ ಉತ್ತರ ಹೋಯಿತು. ಎಲ್ಲ ಪ್ರಶ್ನೆಯೂ ಖಾಲಿಯಾದಾಗ ಅವರಿಗೆ ಹೊಳೆದದ್ದು ಇದು: ಗಂಡನ ಒಪ್ಪಿಗೆ ಪತ್ರ ಲಗತ್ತಿಸುವುದು. ಹೆಂಗಸು ದುಬೈಗೆ ಹೊರಟರೆ, ಸಾಲ ತೆಗೆದರೆ, ಬಡ್ತಿ ಬೇಡವೆಂದರೆ ಅವರು ಇದನ್ನೇ ಕೇಳುತ್ತಿದ್ದರು. ಈವರೆಗೆ ಎಲ್ಲರೂ ತಂದುಕೊಟ್ಟಿದ್ದರು ಕೂಡ.

ಮಗಳು ಊಟದ ತಟ್ಟೆಯ ಮುಂದೆ ಕೂತು, "ಅಮ್ಮಯ್ಕ್ಕ್ ತೋಕ್ಕೋ?" ಎಂದು ನಕ್ಕಳು. ಅಮ್ಮನಿಗೆ ಕೋವಿಯೇ ಎಂದು. ಉಪೇಂದ್ರನೂ ನಕ್ಕ. ಚಂದ್ರಾವತಿ ನಗಲಿಲ್ಲ, ಸಾರು ಬಡಿಸಿದಳು.

ಉಪೇಂದ್ರನಿಗೆ ಹೆದರಿಕೆ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ. ಮನೆಯಲ್ಲಿ ಕೋವಿ ಇದೆ ಎಂದರೆ ಫ್ಲ್ಯಾಟಿನವರು ಏನಂದುಕೊಳ್ಳುತ್ತಾರೆ, ಬ್ಯಾಂಕಿನವರು ಏನಂದುಕೊಳ್ಳುತ್ತಾರೆ, ನಾಳೆ ಮಗಳ ಮದುವೆಗೆ ಗಂಡಿನ ಕಡೆಯವರು ಬಂದರೆ ಬೀಗದ ಕಪಾಟಿನಲ್ಲಿ ಏನಿದೆ ಅಂದರೆ ಏನು ಹೇಳುವುದು. ನಿಜ ಹೇಳಬೇಕೆಂದರೆ ಅವನಿಗೆ ಹೆಂಡತಿಯ ಬಗ್ಗೆಯೇ ಒಂದು ನಮೂನೆ ದಿಗಿಲು ಹುಟ್ಟಿತ್ತು. ಕಾಗದ ಬರೆಯುವುದಿಲ್ಲ ಎಂದು ಅವನು ಹೇಳಲಿಲ್ಲ. ಮಾರ್ಚ್ ಕ್ಲೋಸಿಂಗ್ ಎಂದ, ಆಡಿಟ್ ಎಂದ, ಮುಂದಿನ ವಾರ ಎಂದ. ಕಾಶೀನಾಥರಿಗಿಂತ ತಾನೇನೂ ಬೇರೆಯಲ್ಲ ಎಂಬುದು ಅವನ ತಲೆಗೆ ಹೋಗಲಿಲ್ಲ. ಹಲವು ಶನಿವಾರಗಳು ಹಾಗೆಯೇ ಕಳೆದವು, ಅಂಗಡಿಯಲ್ಲಿ ಕೋವಿಯ ಅವಧಿ ಸವೆಯುತ್ತ ಬಂತು. ಚಂದ್ರಾವತಿ ಎರಡನೆಯ ಸಲ ಕೇಳಲಿಲ್ಲ.

ಕೇಳದೆ ಇದ್ದದ್ದೇ ಅವನನ್ನು ಚುಚ್ಚತೊಡಗಿತು. ಕೊನೆಗೆ ಒಂದು ಉಪಾಯ ಹೂಡಿದ. ಅಂಗಡಿಯವನ ಮೂಲಕ ಲೈಸೆನ್ಸ್ ಇರುವ ಯಾರಿಗಾದರೂ ಕೋವಿಯನ್ನು ಮಾರಿಸಿಬಿಟ್ಟರೆ ಕುಲುಮೆಯೂ ತಪ್ಪುತ್ತದೆ, ಕಪಾಟೂ ತಪ್ಪುತ್ತದೆ. ಮೋಹನ ಹೇಗೂ ಒಪ್ಪಿಯಾನು. ಒಂದು ಮಧ್ಯಾಹ್ನ ಮಟ್ಟಾಂಚೇರಿಯಿಂದ ದೋಣಿ ಹತ್ತಿ ಎರ್ನಾಕುಳಂಗೆ ಹೋಗಿ ಆ ಅಂಗಡಿ ಹುಡುಕಿದ.

ಕೋವಿ ಅಂಗಡಿ ಎಂದರೆ ಅವನು ಏನೇನೋ ಕಲ್ಪಿಸಿಕೊಂಡಿದ್ದ. ನೋಡಿದರೆ ಹಳೆಯ ಗಡಿಯಾರದ ಅಂಗಡಿಯ ಹಾಗೆ ಇಕ್ಕಟ್ಟು, ಎಣ್ಣೆಯ ವಾಸನೆ, ಗೋಡೆಯ ಮೇಲೆ ಮಾತೆ ಮೇರಿಯ ಪಟ. ಮಾಲೀಕನನ್ನು ಎಲ್ಲರೂ ಪೈಲಿ ಚೇಟ್ಟನ್, ಅಂದರೆ ಪೈಲಿ ಅಣ್ಣ, ಎನ್ನುತ್ತಿದ್ದರು; ಎಪ್ಪತ್ತು ದಾಟಿದ ಮುದುಕ. ಉಪೇಂದ್ರ ಹರಕು ಮಲಯಾಳದಲ್ಲಿ ವಿಷಯ ಹೇಳಿದ. ಪೈಲಿ ಚೇಟ್ಟನ್ ಒಳಗಿನಿಂದ ಕೋವಿ ತಂದು, ಮಡಚಿ, ನಳಿಗೆಯೊಳಗೆ ಬೆಳಕು ಹಾಯಿಸಿ ತೋರಿಸಿ, ಯಂತ್ರ ಚಿನ್ನದಂಥದು, ಆದರೆ ಯಾರೂ ಕೊಳ್ಳುವುದಿಲ್ಲ ಎಂದ. ಯಾಕೆ? ಮುದುಕ ಹೆಗಲಿಗೆ ಒತ್ತುವ ಮರದ ಹಿಂಬದಿಯನ್ನು ಬೆರಳಿನಿಂದ ಸವರಿದ. ಯಾರೋ ಇದನ್ನು ಗರಗಸದಿಂದ ಕೊಯ್ದಿದ್ದಾರೆ, ಎರಡು ಬೆರಳಿನಷ್ಟು. ಕೊಯ್ದ ಮೇಲೆ ಅಂಚನ್ನು ಉಜ್ಜಿ ನುಣುಪು ಮಾಡಿ ಎಣ್ಣೆ ಕುಡಿಸಿದ್ದಾರೆ, ಪ್ರೀತಿಯಿಂದ ಮಾಡಿದ ಕೆಲಸ. ಆದರೆ ಗಂಡಸರ ಹೆಗಲಿಗೆ ಇದು ಗಿಡ್ಡ.

"ನಿಮ್ಮ ಮಾವ ಗಿಡ್ಡ ಆಳಾ?" ಎಂದು ಅವನು ಕೇಳಿದ.

ಉಪೇಂದ್ರನ ಕಣ್ಣಿಗೆ ಮಾವ ಬಂದ. ಆರಡಿಯ ಮನುಷ್ಯ, ಮಗಳ ಮದುವೆಯ ದಿನ ಚಪ್ಪರದ ತೋರಣಕ್ಕೆ ಹಣೆ ತಾಗಿಸಿಕೊಂಡು ನಕ್ಕಿದ್ದ. ಅಷ್ಟು ಎತ್ತರದವನ ಕೋವಿಯನ್ನು ಕೊಯ್ದವರು ಯಾರು, ಯಾರಿಗಾಗಿ? ಕೇಳಿದ ಪ್ರಶ್ನೆಯ ಅರ್ಧಕ್ಕೇ ಉತ್ತರ ಅವನಿಗೆ ಗೊತ್ತಾಗಿಬಿಟ್ಟಿತು. ಮಾರುವ ಮಾತು ಅಲ್ಲಿಯೇ ಬಿಟ್ಟು, ಆ ವಾರ ಶನಿವಾರದವರೆಗೆ ಕಾಯದೆ, ಶುಕ್ರವಾರವೇ ರಜೆ ಹಾಕಿ ತಿರುವನಂತಪುರದ ರೈಲು ಹತ್ತಿದ.

ಚಂದ್ರಾವತಿ ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಅವನು ಕೇಳಿದ್ದಕ್ಕೆ ಅವಳು ಮಡಚಿದ ಬಟ್ಟೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಹೇಳಿದಳು. ಅಪ್ಪನಿಗೆ ಕಂದಾಯ ಇಲಾಖೆಯ ಕೆಲಸ. ವಾರಗಟ್ಟಲೆ ಊರೂರು ತಿರುಗಬೇಕು. ಮನೆಯಲ್ಲಿ ಅಮ್ಮ, ಸಣ್ಣ ಮೋಹನ, ಪ್ರಿ-ಡಿಗ್ರಿ ಮುಗಿಸಿ ಕೂತಿದ್ದ ಹದಿನೆಂಟರ ತಾನು. ಬೆಳೆ ಕಾಯುವ ಲೈಸೆನ್ಸಿನಲ್ಲಿ ಮನೆಯ ದೊಡ್ಡವರೊಬ್ಬರ ಹೆಸರನ್ನೂ ಸೇರಿಸಬಹುದಿತ್ತು. ಅಪ್ಪ ಮಗಳ ಹೆಸರು ಸೇರಿಸಿದ. ತಾಲೂಕು ಕಚೇರಿಯಲ್ಲಿ ನಕ್ಕರಂತೆ. ಮೊದಲ ಈಡಿಗೆ ಕೋವಿ ಒದ್ದ ಹೊಡೆತಕ್ಕೆ ಅವಳು ಬದುವಿನಿಂದ ಕೆಸರಿಗೆ ಬಿದ್ದಳು, ಹೆಗಲು ನೀಲಿಗಟ್ಟಿತು. ತನ್ನಿಂದಾಗದು ಎಂದು ಅತ್ತಳು.

"ಅಪ್ಪ ಎಂತ ಹೇಳಿದ್ರು ಗೊತ್ತುಂಟಾ? ನೀನು ಸಣ್ಣ ಆದದ್ದಲ್ಲ, ಕೋವಿ ದೊಡ್ಡ ಆದದ್ದು ಅಂತ. ಮರುದಿನ ಬೆಳಿಗ್ಗೆ ನನ್ನ ಹೆಗಲಿಂದ ಬೆರಳಿನವರೆಗೆ ಬಳ್ಳಿ ಹಿಡಿದು ಅಳತೆ ತೆಗೆದ್ರು. ಮತ್ತೆ ಅವರೇ ಕೊಯ್ದದ್ದು."

ಆಮೇಲೆ ಅಪ್ಪ ಮನೆಯಲ್ಲಿದ್ದಾಗ ಅವನೂ ಅದೇ ಕೋವಿ ಹಿಡಿಯುತ್ತಿದ್ದ, ಆರಡಿಯ ದೇಹವನ್ನು ಕುಗ್ಗಿಸಿ, ಕತ್ತು ಬಗ್ಗಿಸಿ, ಮೂಗನ್ನು ಹೆಬ್ಬೆರಳಿಗೆ ತಾಗಿಸಿಕೊಂಡು. ಅವಳು ನೌಕರಿಗೆ ಹೊರಟುಹೋದ ಮೇಲೂ, ಗದ್ದೆ ಮಾರುವವರೆಗೂ ಹಾಗೆಯೇ ಹಿಡಿದ. ಮರದ ತುಂಡು ಅಂಟಿಸಿ ಮತ್ತೆ ಉದ್ದ ಮಾಡಿಕೊಳ್ಳಬಹುದಿತ್ತಲ್ಲ ಎಂದು ಉಪೇಂದ್ರ ಕೇಳಿದ. ನಾನೂ ಹಾಗೆಯೇ ಹೇಳಿದ್ದೆ, ರಜೆಯಲ್ಲಿ ನೀನು ಬಂದರೆ ಬೇಕಾಗ್ತದೆ ಎಂದು ಅಪ್ಪ ಬಿಟ್ಟ ಎಂದಳು. ಹೇಳುವಾಗ ಅವಳ ದನಿ ನಡುಗಿತು. ಇಷ್ಟು ವರ್ಷದ ಸಂಸಾರದಲ್ಲಿ ಉಪೇಂದ್ರ ಆ ದನಿ ನಡುಗಿದ್ದನ್ನು ಕೇಳಿರಲಿಲ್ಲ.

ಹಂದಿ ಹೊಡೆದಿದ್ದೀಯಾ ಎಂದು ಕೇಳಿದ. ಇಲ್ಲವಂತೆ. ನೆಲಕ್ಕೆ ಒಂದು ಈಡು ಹೊಡೆದರೆ ಸದ್ದಿಗೇ ಓಡುತ್ತವೆ. ಒಂದು ಸಲ ಮಾತ್ರ, ಬೈಗಿನ ಹೊತ್ತಿಗೆ, ಗದ್ದೆಯ ನಡುವೆ ಮೋಹನ ನಿಂತುಬಿಟ್ಟಿದ್ದ, ಅವನಾಚೆ ಕೋರೆಯ ಒಂಟಿ ಹಂದಿ. ಹುಡುಗ ಕಲ್ಲಾಗಿದ್ದ. ಗುರಿಯ ಗೆರೆಯಲ್ಲಿ ತಮ್ಮ. ಅಮ್ಮ ಹಿಂದಿನಿಂದ ಹೊಡಿ, ಹೊಡಿ ಎಂದು ಕೂಗುತ್ತಿದ್ದಳು. ಚಂದ್ರಾವತಿ ಹೊಡೆಯಲಿಲ್ಲ. ಕೋವಿಯನ್ನು ಹೆಗಲಿಗಿಟ್ಟು, ಬೆರಳನ್ನು ಈಡು ಹಾರಿಸುವ ಕುದುರೆಗೆ ತಾಗಿಸದೆ ನೆಟ್ಟಗೆ ಚಾಚಿ, ಹಂದಿ ಮಗ್ಗುಲಾಗುವವರೆಗೆ ಉಸಿರು ಹಿಡಿದು ನಿಂತಳು. ಅದು ಒಂದು ಹೆಜ್ಜೆ ಪಕ್ಕಕ್ಕಿಟ್ಟಾಗ ಅದರ ಮೂತಿಯ ಮುಂದಿನ ಕೆಸರಿಗೆ ಹೊಡೆದಳು. ಕೆಸರು ಮೋಹನನ ಮುಖಕ್ಕೂ ಎರಚಿತು, ಅಷ್ಟೇ. ಹಂದಿ ಕಾಡಿಗೆ, ಮೋಹನ ಅಮ್ಮನ ಸೆರಗಿಗೆ.

ಉಪೇಂದ್ರ ಅವಳನ್ನು ನೋಡಿದ. ಬಟ್ಟೆಯ ರಾಶಿಯ ನಡುವೆ ಕೂತ, ತಲೆಯಲ್ಲಿ ನಾಲ್ಕು ಬಿಳಿ ಕೂದಲಿನ ಹೆಂಗಸು. ಅಲ್ಲ, ಇವಳ ಪಕ್ಕದಲ್ಲಿ ಇಷ್ಟು ವರ್ಷ ಗೊರಕೆ ಹೊಡೆದು ಮಲಗಿದ್ದೆನಲ್ಲ ಎಂದುಕೊಂಡ. ತಾನು ಸಿಡುಕಿದಾಗ, ತನ್ನ ಅಮ್ಮ ಚುಚ್ಚಿ ಮಾತಾಡಿದಾಗ, ಮಗಳು ಬಾಗಿಲು ಬಡಿದುಕೊಂಡು ಹೋದಾಗ ಇವಳು ಸುಮ್ಮನೆ ನಿಂತದ್ದೆಲ್ಲ ಅವನಿಗೆ ನೆನಪಾಯಿತು. ಸಾಧುತನ ಅಂತೆ. ತನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಎದ್ದವನೇ ಒಳ್ಳೆಯ ಕಾಗದ ತೆಗೆದು, ಪತ್ನಿ ಚಂದ್ರಾವತಿ ಕೋವಿ ಹೊಂದಲು ತನ್ನ ಸಂಪೂರ್ಣ ಒಪ್ಪಿಗೆ ಇದೆಯೆಂದು ಬರೆದು, ಸಹಿ ಹಾಕಿ, ದೊಡ್ಡ ಉಪಕಾರ ಮಾಡಿದವನ ಹಾಗೆ ಅವಳ ಮುಂದೆ ಹಿಡಿದ. ಅವಳು ಓದಿದಳು. ಮಡಚಿ ಅವನಿಗೇ ಕೊಟ್ಟಳು.

"ಇದು ಬೇಡ ಮಾರಾಯ್ರೆ. ನೀವು ಕೊಡ್ತೀರಾ ಇಲ್ವಾ ಅಂತ ಕಾದು ಕೂತದ್ದರಲ್ಲಿ ನನಗೆ ಒಂದು ವಿಷಯ ಗೊತ್ತಾಯ್ತು. ಕೇಳಿದ್ದೇ ತಪ್ಪು. ಅವತ್ತು ತಾಲೂಕಿನವರು ನಗಾಡಿದಾಗ ಅಪ್ಪ ಯಾರ ಒಪ್ಪಿಗೆಯನ್ನೂ ಕೇಳ್ಲಿಲ್ಲ."

ಉಪೇಂದ್ರ ಗಾಬರಿಯಾದ. ಅವಧಿ ಮುಗಿಯುತ್ತ ಬಂದಿದೆ, ಕಾಶೀನಾಥರಿಗೆ ಸಿಟ್ಟು ಬಂದರೆ ಫೈಲು ಮತ್ತೆ ತಿಂಗಳುಗಟ್ಟಲೆ ಮಲಗುತ್ತದೆ, ಕೋವಿ ಕುಲುಮೆಗೆ ಹೋಗುತ್ತದೆ, ಒಂದು ಹಾಳೆಯಲ್ಲವೇ, ಕೊಟ್ಟು ಬಿಸಾಕು ಎಂದು ಅಂಗಲಾಚಿದ. ಗೊತ್ತುಂಟು ಎಂದಳು, ಉಳಿದ ಬಟ್ಟೆ ಮಡಚಿದಳು. ಆಗಲೇ ಆ ಬೆಳಿಗ್ಗೆ ಫೈಲಿನಲ್ಲಿ ಒಂದು ಸಾಲು ಬರೆದು ಮೇಲೆ ಕಳಿಸಿ ಬಂದಿದ್ದಳಂತೆ: ಪತಿಯ ಒಪ್ಪಿಗೆಯನ್ನು ಯಾವ ನಿಯಮದ ಪ್ರಕಾರ ಕೇಳಲಾಗಿದೆ ಎಂದು ದಯವಿಟ್ಟು ತಿಳಿಸಬೇಕು.

ಸೋಮವಾರ ಅವನು ಕೊಚ್ಚಿಯ ರೈಲು ಹತ್ತಲಿಲ್ಲ. ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಅವಳ ಜೊತೆ ಪಟ್ಟಂನ ಬಸ್ಸು ಹತ್ತಿದ. ಅವಳ ಹಟದಿಂದ ಕೆಲಸ ಕೆಟ್ಟರೆ ಕೊನೆಯ ಗಳಿಗೆಯಲ್ಲಿ ತಾನು ತೆಗೆದು ಕೊಡುವುದು, ಇದು ಅವನ ಲೆಕ್ಕ. ಅವಳು ನೀವ್ಯಾಕೆ ಎಂದು ಕೇಳಲಿಲ್ಲ.

ಕಾಶೀನಾಥರು ಕನ್ನಡದ ಗಂಡಸೊಬ್ಬನನ್ನು ಕಂಡು ಬಾಯ್ತುಂಬ ನಕ್ಕು, ಕುರ್ಚಿ ತೋರಿಸಿ, ಚಹಾ ತರಿಸಿದರು. ಚಂದ್ರಾವತಿ ಮೇಜಿನ ಆಚೆ ಬದಿಗೆ ನಿಂತಿದ್ದಳು. ಮೇಜಿನ ಮೇಲೆ ಅವಳ ಫೈಲು ಬಿಚ್ಚಿಕೊಂಡಿತ್ತು. ಅವರು ಅದನ್ನು ಬೆರಳ ತುದಿಯಿಂದ ಮುಟ್ಟಿ, ಧಾರವಾಡದ ಮಾತಿನಲ್ಲಿ ಉಪೇಂದ್ರನೊಡನೆ ಗಂಡಸರ ಗುಟ್ಟು ಆಡುವವರ ಹಾಗೆ ದನಿ ತಗ್ಗಿಸಿದರು.

"ಏನ್ ಮಾಡೋದ್ರಿ ಸಾಹೇಬ್ರ, ನಾಳೆ ಏನರ ಆತಂದ್ರ ಮೊದಲ ನನ್ನ ಹೆಸರು ಬರತದ. ನೀವು ಬಂದದ್ದು ಭಾಳ ಛಲೋ ಆತು. ಕಾಗದ ತಂದೀರೇನು?"

ಉಪೇಂದ್ರನ ಕೈ ಜೇಬಿಗೆ ಹೋಯಿತು. ಕಾಗದ ಬೆರಳಿಗೆ ತಾಗಿತು. ಅವನು ಹೆಂಡತಿಯ ಕಡೆ ನೋಡಿದ. ಅವಳು ಅವನನ್ನು ತಡೆಯಲಿಲ್ಲ, ಕಣ್ಣಿನಲ್ಲಿ ಬೇಡವೆಂದೂ ಹೇಳಲಿಲ್ಲ. ಉಸಿರು ಹಿಡಿದು ನಿಂತಿದ್ದಳು. ಬಲಗೈಯ ತೋರುಬೆರಳು ಸೀರೆಯ ನೆರಿಗೆಯ ಮೇಲೆ ನೆಟ್ಟಗೆ ಚಾಚಿಕೊಂಡಿತ್ತು. ಯಾವುದೋ ಗದ್ದೆಯ ಬದುವಿನಲ್ಲಿ ಹೀಗೆಯೇ ನಿಂತಿದ್ದಳಲ್ಲ, ಯಾರೆಷ್ಟು ಕೂಗಿದರೂ ಹೊಡೆಯದೆ. ಈಗ ಗುರಿಯ ಗೆರೆಗೆ ಅಡ್ಡ ನಿಂತವನು ತಾನು ಎಂದು ಅವನಿಗೆ ಅನ್ನಿಸಿತು. ಕೈಯನ್ನು ಬರಿದಾಗಿ ಹೊರಗೆ ತೆಗೆದ.

"ತಂದಿಲ್ಲ ಸಾರ್," ಎಂದ. "ಅದು ನಾನು ಕೊಡೋ ಅಂಥದ್ದಲ್ಲ. ಅವರ ಕೋವಿ, ಅವರ ನೌಕರಿ. ನೀವು ಅವರನ್ನೇ ಕೇಳಿ."

ಕಾಶೀನಾಥರ ನಗೆ ಅಲ್ಲಿಯೇ ನಿಂತಿತು. ಅವರು ಮೊದಲ ಸಲ ಚಂದ್ರಾವತಿಯ ಕಡೆ ತಿರುಗಿದರು. ನಾಳೆ ಏನಾದರೂ ಆದರೆ ಎಂದು ಮತ್ತೆ ಶುರುಮಾಡಿದರು. ಅವಳು ಮೆಲ್ಲಗೆ, ಏನಾದರೂ ಆದರೆ ಮೊದಲು ಬರುವುದು ತನ್ನ ಹೆಸರು, ಲೈಸೆನ್ಸ್ ತನ್ನದು, ಅದಕ್ಕೆ ತಾನು ತಯಾರು ಎಂದಳು. ಅಷ್ಟೇ ಹೇಳಿದ್ದು.

ಅವರು ಫೈಲಿಗೆ ತಿರುಗಿದರು. ಅಲ್ಲಿ ಅವಳ ಒಂದು ಸಾಲಿನ ಪ್ರಶ್ನೆ ಕೂತಿತ್ತು. ಎಷ್ಟೋ ವರ್ಷ ಬೇರೆಯವರಿಗೆ ಪ್ರಶ್ನೆ ಕೇಳಿ ಬದುಕಿದ ಮನುಷ್ಯ, ಯಾರೂ ಅವರನ್ನು ಬರವಣಿಗೆಯಲ್ಲಿ ತಿರುಗಿ ಕೇಳಿರಲಿಲ್ಲ. ಉತ್ತರ ಬರೆಯಬೇಕಾದರೆ ನಿಯಮದ ಸಂಖ್ಯೆ ಬರೆಯಬೇಕು, ಅಂಥ ನಿಯಮವೇ ಇಲ್ಲ. ಉತ್ತರ ಬರೆಯದೆ ಬಿಟ್ಟರೆ ಪ್ರಶ್ನೆ ತಾವು ನಿವೃತ್ತರಾದ ಮೇಲೂ ಅಲ್ಲಿಯೇ ಕೂತಿರುತ್ತದೆ. ಕೋವಿಗೂ ಹೆದರದಷ್ಟು ಅವರು ಆ ಸಾಲಿಗೆ ಹೆದರಿದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಅವಳ ನಡತೆ ಉತ್ತಮವೆಂದೂ ಇಲಾಖೆಯ ಆಕ್ಷೇಪಣೆ ಇಲ್ಲವೆಂದೂ ಬರೆದು ಸಹಿ ಹಾಕಿದರು. ಆಮೇಲೆ ಚಹಾ ಆರಿಹೋಯಿತು ಎಂದು ಇನ್ನೊಂದು ಕಪ್ಪು ತರಿಸಿದರು, ಈ ಸಲ ಚಂದ್ರಾವತಿಗೂ. ಕೂಡ್ರಿ ಎಂದು ಕುರ್ಚಿಯನ್ನೂ ಎಳೆದುಕೊಟ್ಟರು.

ಪೊಲೀಸರು ಬಂದು ವಿಚಾರಿಸಿ ಹೋದರು. ಮಳೆಗಾಲ ಹಿಡಿದ ಮೇಲೆ ಲೈಸೆನ್ಸ್ ಬಂತು, ಅವಧಿ ಮುಗಿಯುವುದಕ್ಕೆ ಸ್ವಲ್ಪ ಮೊದಲು. ಗಂಡ ಹೆಂಡತಿ ಎರ್ನಾಕುಳಂನ ಅಂಗಡಿಗೆ ಹೋದರು. ಪೈಲಿ ಚೇಟ್ಟನ್ ಕೋವಿಯನ್ನು ಒರೆಸಿ ತಂದು ಉಪೇಂದ್ರನ ಮುಂದೆ ಇಟ್ಟ. ಮರ ಗಿಡ್ಡವಾಯಿತಲ್ಲ, ಒಂದು ತುಂಡು ಸೇರಿಸಿ ಸಾರ್ ಅವರ ಹೆಗಲಿಗೆ ಸರಿಮಾಡಿ ಕೊಡಲೇ ಎಂದು ಕೇಳಿದ.

ಉಪೇಂದ್ರ ಒಂದು ಹೆಜ್ಜೆ ಹಿಂದೆ ಸರಿದ. ಚಂದ್ರಾವತಿ ಮುಂದೆ ಬಂದು ಕೋವಿಯನ್ನು ಮಡಚಿ, ಒಳಗೆ ತೋಟೆ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ಮುಚ್ಚಿ, ಗೋಡೆಯ ಕಡೆ ತಿರುಗಿ ಹೆಗಲಿಗಿಟ್ಟಳು. ಇಟ್ಟಳು ಎನ್ನುವುದೂ ಹೆಚ್ಚಾಯಿತು; ಅದು ತಾನಾಗಿ ಹೋಗಿ ಕೂತುಕೊಂಡಿತು. ಹದಿನೆಂಟರಲ್ಲಿ ಬಳ್ಳಿ ಹಿಡಿದು ತೆಗೆದ ಅಳತೆ ನಲವತ್ತಾರರಲ್ಲಿ ಕೂದಲಿನಷ್ಟೂ ತಪ್ಪಿರಲಿಲ್ಲ. ಅವಳು ಕೆನ್ನೆಯನ್ನು ಮರಕ್ಕೆ ಒತ್ತಿದಳು, ಹಾಗೆಯೇ ಸ್ವಲ್ಪ ಹೊತ್ತು ನಿಂತಳು. ಆ ಮರದ ಇನ್ನೊಂದು ಬದಿಯಲ್ಲಿ ಕತ್ತು ಬಗ್ಗಿಸಿದ ಆರಡಿಯ ಮನುಷ್ಯ ಇದ್ದ ಹಾಗೆ ಉಪೇಂದ್ರನಿಗೆ ಕಂಡಿತು. ಅವನಿಗೆ ಅಳು ಬಂತು, ಮುಚ್ಚಿಡಲಿಲ್ಲ. ಪೈಲಿ ಚೇಟ್ಟನ್ ತುಂಡು ಸೇರಿಸುವ ಮಾತು ಬಿಟ್ಟು ಎದ್ದು ನಿಂತು, ರಸೀದಿಯನ್ನು ಸಾರ್ ಕಡೆಗಲ್ಲ, ಅಮ್ಮನ ಕಡೆಗೆ ತಿರುಗಿಸಿದ.

ಉಪೇಂದ್ರನ ಕೋಣೆಗೆ ಹೋಗಲು ಮಟ್ಟಾಂಚೇರಿಯ ದೋಣಿ ಹಿಡಿಯಬೇಕಿತ್ತು. ಮಳೆ ಸಣ್ಣಗೆ ಹಿಡಿದಿತ್ತು. ಮದುವೆಯಾದಾಗಿನಿಂದ ಇಬ್ಬರೂ ಎಲ್ಲಿಗೆ ಹೋದರೂ ಚೀಲ ಹೊರುವವನು ಅವನು. ಅಭ್ಯಾಸಬಲದಿಂದ, ಕೊಡು ಇಲ್ಲಿ, ಭಾರ ಇದೆ ಎಂದು ಕ್ಯಾನ್ವಾಸಿನ ಉದ್ದ ಚೀಲಕ್ಕೆ ಕೈ ಚಾಚಿದ.

"ನೀವು ಹಿಡಿಯುವ ಹಾಗಿಲ್ಲ," ಎಂದಳು ಚಂದ್ರಾವತಿ. "ಲೈಸೆನ್ಸ್ ನನ್ನ ಹೆಸರಲ್ಲಿ ಉಂಟು."

ಹೇಳಿ ಅವಳು ಕೋವಿಯನ್ನು ಹೆಗಲಿಗೆ ಹಾಕಿಕೊಂಡು ದೋಣಿ ಹತ್ತುವ ಹಲಗೆಯ ಮೇಲೆ ಮುಂದೆ ನಡೆದಳು. ದೋಣಿಯವರು ದಾರಿ ಬಿಟ್ಟರು. ಉಪೇಂದ್ರ ಬರಿಗೈಯಲ್ಲಿ ಹಿಂದೆ ಬಂದ. ಅವತ್ತಿನಿಂದ ಪರ್ಸಿನಲ್ಲಿ ಮಡಚಿಟ್ಟಿದ್ದ ಆ ಒಪ್ಪಿಗೆಯ ಕಾಗದ ಜೇಬಿನಲ್ಲಿ ಇನ್ನೂ ಇತ್ತು. ತೆಗೆದು, ನಾಲ್ಕು ಚೂರು ಮಾಡಿ, ಕಾಯಲಿನ ಹಿನ್ನೀರಿಗೆ ಬಿಟ್ಟ. ಆಮೇಲೂ ಕೈಗಳಿಗೆ ಏನು ಕೆಲಸ ಕೊಡುವುದೆಂದು ತೋಚದೆ, ಅವಳ ಕೊಡೆಯನ್ನು ಕೇಳಿ ತೆಗೆದುಕೊಂಡು, ಬಿಡಿಸಿ, ಅವಳ ಮೇಲೂ ಕೋವಿಯ ಮೇಲೂ ಮಳೆ ಬೀಳದ ಹಾಗೆ ಹಿಡಿದು ನಿಂತ. ಅದಕ್ಕೆ ಲೈಸೆನ್ಸ್ ಬೇಕಾಗಿರಲಿಲ್ಲ.